ಬುನಾದಿಯ ಸಂದಿಯಲ್ಲಿ ಸಿಕ್ಕ ಇತಿಹಾಸ

ಇಲ್ಲಿ ಏನಾದರೂ ಬರೆದು ಬಹಳ ದಿನಗಳಾದವು. ಎರಡು ವಾರ ರಜೆ ಹಾಕಿ ಊರಿಗೆ ಹೋಗಿದ್ದೆ. ಊರು ಅಂದರೆ ಕೊಪ್ಪಳದ ಪಕ್ಕದ ಗಿಣಿಗೇರಾ. ರಜೆಗೆ ಕಾರಣ ಹಬ್ಬವೂ ಅಲ್ಲ, ಮದುವೆಯೂ ಅಲ್ಲ (ಅಮ್ಮನಿಗೆ ಆ ಬಗ್ಗೆ ಬೇಸರವಿದೆ, ಅದಿರಲಿ!). ನಮ್ಮ ಹಳೆ ಮನೆಯ ಬುನಾದಿ.

ಮನೆ ಕಟ್ಟಿಸಿದ್ದು ಮುತ್ತಜ್ಜ, ನಿಜಾಮರ ಕಾಲದಲ್ಲಿ. ಕೆಳಗೆ ಗ್ರಾನೈಟು ಕಲ್ಲು, ಮೇಲೆ ಕಲ್ಲು-ಮಣ್ಣಿನ ಗೋಡೆ, ಅದರ ಮೇಲೆ ಮಣ್ಣಿನ ಮಾಳಿಗೆ. ಈಗ ಕೆಲವು ವರ್ಷಗಳಿಂದ ಪಡಸಾಲೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಿಳಿ ಸವಳು ಕಾಣಿಸಿಕೊಂಡು ಗಿಲಾವು ಉದುರುತ್ತಿತ್ತು. "ಕೆಡವಿ ಆರ್‌ಸಿಸಿ ಕಟ್ಟಿಸ್ರಿ" ಅಂತ ನೋಡಿದವರೆಲ್ಲ ಹೇಳಿದರು. ಅಪ್ಪ ಅರ್ಧ ಒಪ್ಪಿಯೂ ಆಗಿತ್ತು. ಕೆಡವುವ ಮುಂಚೆ ಒಬ್ಬ ಹಳೆ ಗೌಂಡಿಗೆ ತೋರಿಸೋಣ ಅಂದೆ.

ಎಪ್ಪತ್ತು ದಾಟಿದ ಆ ಕಾಕಾ ಬಂದು ಬುನಾದಿಯನ್ನು ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿದು ನೋಡಿದರು. ಕಲ್ಲಿನ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ "ಗಟ್ಟಿ ಆಗ್ಲಿ" ಅಂತ ನಾವೇ ಮಾಡಿಸಿದ್ದು.

"ತಮ್ಮಾ, ನೀರು ಹೊರಗ ಬರಾಕ ದಾರಿ ಮುಚ್ಚೀರಿ. ಅದಕ್ಕ ಅದು ಮ್ಯಾಲ ಏರೈತಿ."

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಹೊಳೆಯದ್ದು ಇದು. ನೆಲದ ತೇವ ಬುನಾದಿಯೊಳಗಿನ ಮಣ್ಣನ್ನು ಹಿಡಿದು ಮೇಲೇರುತ್ತದೆ. ಗ್ರಾನೈಟು ನೀರು ಕುಡಿಯುವುದು ತೀರಾ ಕಡಿಮೆ. ಹಾಗಾಗಿ ತೇವ ಆರಿ ಹೋಗಲು ಇರುವ ದಾರಿ ಸಂದಿಗಳೇ. ಸುಣ್ಣದ ಗಾರೆಯಲ್ಲಿ ಸಣ್ಣ ರಂಧ್ರಗಳಿರುತ್ತವೆ, ಅದು ಉಸಿರಾಡುತ್ತದೆ. ಸಿಮೆಂಟು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನೀರು ಗೋಡೆಗೆ ಏರಿ ಅಲ್ಲಿ ಆರುತ್ತದೆ. ಜೊತೆಗೆ ತಂದ ಉಪ್ಪು ಹರಳುಗಟ್ಟಿ ಗಿಲಾವನ್ನು ಒಡೆಯುತ್ತದೆ.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ನಮ್ಮ ಸೀಮೆಯಲ್ಲಿ ಉತ್ತರ ಕಣ್ಣೆದುರಿಗೇ ಇದೆ. ಗಂಗಾವತಿ ತಾಲೂಕಿನ ಆನೆಗೊಂದಿಯ ಕೋಟೆ ಗೋಡೆ ನೋಡಿ. ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಕೂರಿಸಿದ್ದಾರೆ. ಯಲಬುರ್ಗಾ ಕಡೆಯ ಇಟಗಿಯ ಮಹಾದೇವ ದೇವಾಲಯ 1112ರದ್ದು, ಅದರ ಕಲ್ಲುಗಳೂ ಹಾಗೇ ಕೂತಿವೆ. ಹಂಪಿಯ ಬಂಡೆಗಳ ಮೇಲೆ ಕಲ್ಲು ಸೀಳಲು ಬೆಣೆ ಹೊಡೆದ ಸಾಲು ಗುರುತು ನೀವು ಕಂಡಿರಬಹುದು. ಅಂಥದೇ ಗುರುತು ನಮ್ಮ ಬುನಾದಿಯ ಎರಡು ಕಲ್ಲುಗಳಲ್ಲಿವೆ! ಭಾರ ಹೊರುವುದು ಕಲ್ಲು, ಗಾರೆ ಬರೀ ಸಂದಿ ತುಂಬಲಿಕ್ಕೆ ಅನ್ನುವುದು ಅವರ ಲೆಕ್ಕ.

ಗಾರೆ ಬೇಕಾದಾಗ ಸುಣ್ಣ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟು, ನೀರಿನಲ್ಲಿ ಅರಳಿಸಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಇಟ್ಟಿಗೆ ಪುಡಿ ಬೆರೆಸಿದರೆ ಸುರ್ಕಿ ಗಾರೆ, ನೀರಲ್ಲೂ ಗಟ್ಟಿಯಾಗುತ್ತದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಅದರಲ್ಲೇ. ನಮ್ಮ ಪಕ್ಕದ ಮುನಿರಾಬಾದಿನಲ್ಲಿ 1945ರಲ್ಲಿ ಶುರುವಾದ ತುಂಗಭದ್ರಾ ಅಣೆಕಟ್ಟಿಗೂ ಸುರ್ಕಿ ಬಳಸಿದ್ದಾರೆ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೇಟೆಂಟ್ ಪಡೆದದ್ದು 1824ರಲ್ಲಿ. ಭಾರತದಲ್ಲಿ ಪೋರಬಂದರಿನ ಕಾರ್ಖಾನೆ 1914ರಲ್ಲಿ ಉತ್ಪಾದನೆ ಶುರು ಮಾಡಿತು. ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮ ಶಹಾಬಾದಿನಲ್ಲೇ ಸಿಮೆಂಟು ತಯಾರಾಗುತ್ತಿತ್ತು. 1936ರಲ್ಲಿ ಹಲವು ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ಆಮೇಲೆ ಚೀಲ ಹಳ್ಳಿ ಹಳ್ಳಿಗೂ ಬಂತು, ಗಾಣಗಳು ನಿಂತವು. ಸಿಮೆಂಟು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹೊಸ ಮನೆಗೆ ಅದು ಬೇಕೇ ಬೇಕು. ಆದರೆ ಹಳೆ ಕೋಡಿಗೆ ಅದರ ಭಾಷೆ ತಿಳಿಯದೆ ಪ್ಯಾಚ್ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಫೀಲ್ಡಿನವರಿಗೆ ಹೇಳಬೇಕಿಲ್ಲ :)

ಕೆಲಸ ಹೀಗೆ ನಡೆಯಿತು. ಮಶೀನು ಬೇಡ ಅಂದರು ಕಾಕಾ, ಕಲ್ಲಿನ ಅಂಚು ಒಡೆಯುತ್ತದಂತೆ. ಉಳಿ ಹಿಡಿದು ಒಂದು ಸಲಕ್ಕೆ ಮೂರ್ನಾಲ್ಕು ಅಡಿಯಷ್ಟೇ ಸಿಮೆಂಟು ಕೆತ್ತಿದರು. ಒಳಗೆ ಸಡಿಲ ಮಣ್ಣು ತೆಗೆದು, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯನ್ನು ಒತ್ತಿ ತುಂಬಿದರು. ಅಗಲ ಸಂದಿಗೆ ಚಕ್ಕೆ ಕಲ್ಲು. ಬಿಸಿಲಿಗೆ ಬೇಗ ಒಣಗಬಾರದೆಂದು ಒದ್ದೆ ಗೋಣಿಚೀಲ ಇಳಿಬಿಟ್ಟೆವು. ಚೀಲಕ್ಕೆ ದಿನಾ ನೀರು ಹಾಕುವುದು ನನ್ನ ಡ್ಯೂಟಿ. ಎದುರಿನ ಸಿಸಿ ರಸ್ತೆ ಎತ್ತರವಾಗಿ ಮಳೆ ನೀರು ಗೋಡೆಗೇ ಬರುತ್ತಿತ್ತು. ಅದಕ್ಕೊಂದು ಕಾಲುವೆ ತೋಡಿದೆವು. ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ ಅಂದರು ಕಾಕಾ.

ಹೊರಡುವ ದಿನ ಕೇಳಿದೆ, "ಕಾಕಾ, ಈ ಕೆಲಸ ಯಾರಿಗರ ಕಲಿಸೀರೇನು?"

"ಕಲ್ಯಾಕ ಯಾರ್ ಬರ್ತಾರ ತಮ್ಮಾ? ಮಗ ಟೈಲ್ಸ್ ಹಾಕಾಕ ಹೋಗ್ತಾನ."

ಶಾಸನಗಳನ್ನಾದರೂ ಓದಿ ಇಡುವವರಿದ್ದಾರೆ. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕ ಬರೆಸಿದ್ದು ಇವತ್ತಿಗೂ ಉಳಿದಿದೆ. ಈ ಕಾಕಾನ ಕೈಯಲ್ಲಿರುವುದನ್ನು ಯಾರೂ ಬರೆದಿಟ್ಟಿಲ್ಲ. ಅದಕ್ಕೇ ಇಷ್ಟುದ್ದ ಬರೆದೆ.

ಗೋಡೆ ಪೂರ್ತಿ ಆರಲು ಒಂದೆರಡು ಬೇಸಿಗೆ ಬೇಕಂತೆ. ಕೆಡವುವ ಮಾತನ್ನು ಅಪ್ಪ ಅಲ್ಲಿಯವರೆಗೆ ಮುಂದೂಡಿದ್ದಾರೆ. ನಿಮ್ಮೂರಿನಲ್ಲಿ ಸುಣ್ಣದ ಗಾಣದ ಕಲ್ಲು ಎಲ್ಲಾದರೂ ಬಿದ್ದಿದ್ದರೆ, ಗಾರೆ ಅರೆದವರು ಯಾರಾದರೂ ಇದ್ದರೆ, ದಯವಿಟ್ಟು ಮಾತಾಡಿಸಿ ಬರೆದಿಡಿ.