ಹಳೆಯ ಬೆಳ್ಳಿ ನಾಣ್ಯಗಳೂ ಅವುಗಳ ಮೈಗಾಯಗಳೂ

ಬೇರಿಕೆಯ ಸೀಮೆಯು ಎರಡು ಆಳ್ವಿಕೆಗಳ ಅಂಚಿನಲ್ಲಿ ಬಾಳಿದ ಸೀಮೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಕೃಷ್ಣಗಿರಿಯೂ ಬಾರಾಮಹಲೂ ಕುಂಪಣಿಯ ಕೈಸೇರಿದುವು. ಘಟ್ಟದ ಮೇಲಿನ ಹೊಸೂರು ಸೀಮೆಯು ಇನ್ನೂ ಏಳು ವರ್ಷ ಟೀಪುವಿನ ವಶದಲ್ಲಿದ್ದು, 1799ರಲ್ಲಿ ಕುಂಪಣಿಗೆ ಸಂದಿತು. ಎಲ್ಲೆಗಳು ಸರಿದಷ್ಟು ಬೇಗನೆ ಜನರ ಗಂಟಿನ ಹಣವು ಬದಲಾಗುವುದಿಲ್ಲ. ಮದರಾಸು ಆಧಿಪತ್ಯವು ರೂಪಾಯಿಯನ್ನು ಪ್ರಮಾಣ ನಾಣ್ಯವಾಗಿ ಮಾಡಿದುದು 1818ರಲ್ಲಿ. ಇಂಡಿಯಾಕ್ಕೆಲ್ಲ ಒಂದೇ ಮಾದರಿಯ ರೂಪಾಯಿ ಬಂದುದು 1835ರಲ್ಲಿ. ಬೆಂಗಳೂರಿಗೆ ಸಾಗಿದ್ದ ಮೈಸೂರು ಟಂಕಸಾಲೆಯು ಮುಚ್ಚಿದುದು 1843ರಲ್ಲಿ. ಆದುದರಿಂದ ನಮ್ಮ ಕಡೆಯ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಟೀಪುವಿನ ‘ಇಮಾಮಿ’ ರೂಪಾಯಿಯೂ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ರೂಪಾಯಿಯೂ, ವಿಕ್ಟೋರಿಯಾ ರಾಣಿಯ ರೂಪಾಯಿಯೂ ಒಟ್ಟಿಗೆ ಸಿಕ್ಕಿದರೆ ಅಚ್ಚರಿಪಡಬೇಕಾದುದಿಲ್ಲ.

ಇವುಗಳನ್ನು ಅಕ್ಕಸಾಲಿಗನ ತಕ್ಕಡಿಗೆ ಹಾಕುವ ಮುನ್ನ, ಇಲ್ಲವೆ ಹಬ್ಬಕ್ಕೆಂದು ಉಜ್ಜುವ ಮುನ್ನ, ಒಮ್ಮೆ ಭೂತಗನ್ನಡಿಯಲ್ಲಿ ನೋಡಬೇಕೆಂಬುದೇ ನಮ್ಮ ಬಿನ್ನಹ.

ಮೊದಲು, ಗಾಯವಲ್ಲದುದನ್ನು ಗಾಯವೆಂದು ಎಣಿಸಬಾರದು. ಟೀಪುವಿನ ಮತ್ತು ಒಡೆಯರ ನಾಣ್ಯಗಳು ಸುತ್ತಿಗೆಯ ಪೆಟ್ಟಿನಿಂದ ಅಚ್ಚಾದುವು. ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು. ಅಕ್ಷರಗಳು ಅಂಚಿನಲ್ಲಿ ತುಂಡಾಗಿರುವುದು ಸಹಜ. ಮೇಲ್ಮೈಯಲ್ಲಿ ಉಬ್ಬಿನಿಂತ ಗೆರೆಯಿದ್ದರೆ ಅದು ಅಚ್ಚು ಬಿರಿದುದರ ಗುರುತು. ತಗ್ಗಾಗಿ ಇಳಿದಿದ್ದರೆ ಮಾತ್ರ ಗೀರು. ಇನ್ನು ಸಣ್ಣ ಸಣ್ಣ ಮುದ್ರೆಗಳೋ ಉಳಿಯ ಕಚ್ಚೋ ಕಂಡರೆ, ಅವು ನಾಣ್ಯವನ್ನು ಪರೀಕ್ಷಿಸಿದ ಶರಾಫರ ಕೈಗುರುತುಗಳಾಗಿರಬಹುದು. ಕೊಳ್ಳುವವನು ಇವುಗಳಿಗಾಗಿ ಬೆಲೆ ಇಳಿಸುತ್ತಾನೆ. ನಮಗಾದರೋ ಇವು ಪೇಟೆಯು ಬರೆದ ಷರಾ.

ಸವಕಲಿಗೂ ಕಳವಿಗೂ ಭೇದವುಂಟು. ಕೈಯಿಂದ ಕೈಗೆ ಸಾಗಿದ ನಾಣ್ಯದಲ್ಲಿ ಉಬ್ಬಿದ ಭಾಗಗಳು ಮೊದಲು ನುಣುಪಾಗುತ್ತವೆ. ಅರದಿಂದ ತಿಕ್ಕಿ ಬೆಳ್ಳಿ ಕದ್ದಿದ್ದರೆ ಅಂಚು ಮಾತ್ರ ಹರಿತವಾಗಿ, ನಡುವಣ ಅಕ್ಷರ ಹೊಸದರಂತಿರುತ್ತದೆ. 1835ರ ರೂಪಾಯಿಯ ತೂಕ 180 ಗ್ರೇನು, ಎಂದರೆ ಸುಮಾರು 11.66 ಗ್ರಾಮು, ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1870ರ ನಾಣ್ಯದ ಕಾಯಿದೆಯಂತೆ ನೂರಕ್ಕೆ 2ಕ್ಕಿಂತ ಹೆಚ್ಚು ತೂಕ ಕಳೆದುಕೊಂಡ ರೂಪಾಯಿಯು ಚಲಾವಣೆಗೆ ಅನರ್ಹ. ಅದು ಕಾಲು ಗ್ರಾಮಿಗೂ ಕಡಿಮೆ! ಸರಕ್ಕೋ ಮಕ್ಕಳ ಕೊರಳಿಗೋ ಕೊಂಡಿ ಬೆಸೆದಿದ್ದ ನಾಣ್ಯದಲ್ಲಿ ಅಂಚಿನ ಒಂದೆಡೆ ಬಣ್ಣ ಬೇರೆಯಾಗಿ, ಬೆಸುಗೆ ಹರಿದ ಕಲೆ ಉಳಿದಿರುತ್ತದೆ. ಅದನ್ನು ತೆಗೆಸಲು ಮತ್ತೆ ಬೆಂಕಿಗೆ ಒಡ್ಡಿದರೆ ಇದ್ದ ಮೇಲ್ಮೈಯೂ ಹಾಳು.

ಎಲ್ಲಕ್ಕಿಂತ ಹೆಚ್ಚಿನ ಕೇಡು ನಡೆಯುವುದು ಭಕ್ತಿಯಿಂದ. ವರಮಹಾಲಕ್ಷ್ಮಿಯ ಹಬ್ಬ ಬಂದಿತೆಂದರೆ ಹುಣಸೆಹಣ್ಣು, ವಿಭೂತಿ, ಬೂದಿ ಹೊರಬರುತ್ತವೆ. ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಬಂದ ಕೊಳೆಯಲ್ಲ. ಗಾಳಿಯಲ್ಲಿನ ಗಂಧಕದ ಆವಿಯೊಡನೆ ಬೆಳ್ಳಿಯೇ ಕೂಡಿ ಆದ ಪದರ. ಅದನ್ನು ಉಜ್ಜಿ ತೆಗೆದಷ್ಟೂ ಬೆಳ್ಳಿಯೇ ಹೋಗುತ್ತದೆ, ಕೂದಲೆಳೆಯಂತಹ ಗೀರುಗಳು ಉಳಿಯುತ್ತವೆ. ಹಾಗೆ ವರ್ಷವರ್ಷವೂ ಉಜ್ಜಿಸಿಕೊಂಡ ಟೀಪುವಿನ ರೂಪಾಯಿಯಲ್ಲಿ ‘ಪಟ್ಟಣ’ವೆಂಬ ಟಂಕಸಾಲೆಯ ಹೆಸರೂ, ಬಲದಿಂದ ಎಡಕ್ಕೆ ಓದಬೇಕಾದ ಮೌಲೂದಿ ವರ್ಷದ ಅಂಕಿಗಳೂ ಅಳಿದರೆ, ಉಳಿಯುವುದು ಬೆಳ್ಳಿಯ ಬಿಲ್ಲೆ. ಒಡೆಯರ ರೂಪಾಯಿಯಾದರೋ ದಿಲ್ಲಿಯ ಷಾ ಆಲಮನ ಹೆಸರನ್ನು ಆತನು 1806ರಲ್ಲಿ ತೀರಿಕೊಂಡ ಮೇಲೆಯೂ ಹೊತ್ತಿತ್ತು. ಆದುದರಿಂದ ಅದರ ಕಾಲವನ್ನು ದೊರೆಯ ಹೆಸರಿನಿಂದ ನಿರ್ಣಯಿಸುವಂತಿಲ್ಲ, ವರ್ಷದ ಅಂಕಿಯಿಂದಲೇ ನಿರ್ಣಯಿಸಬೇಕು. ಪೂಜೆಗೆ ಜಾರ್ಜ್ ದೊರೆಯ ಒಂದೆರಡು ರೂಪಾಯಿಗಳನ್ನು ಬೇರೆಯಾಗಿಟ್ಟರೆ ದೇವಿಯೂ ಮುನಿಯಳು, ಮಿಕ್ಕವೂ ಉಳಿದಾವು.

ಹಾಗಾದರೆ ಮಾಡತಕ್ಕದ್ದೇನು? ಬಹುಪಾಲು ಏನೂ ಇಲ್ಲ. ಸಡಿಲವಾದ ಧೂಳಿದ್ದರೆ ಬಟ್ಟಿಯಿಳಿಸಿದ ನೀರಿನಲ್ಲಿ ನೆನೆಯಿಟ್ಟು, ಉಜ್ಜದೆ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ಆರಿಸಬಹುದು. ಎಣ್ಣೆಯ ಜಿಡ್ಡಿಗೆ ಶುದ್ಧ ಆಸಿಟೋನ್ ಸಲ್ಲುತ್ತದೆ; ಅದು ಬೇಗನೆ ಉರಿ ಹತ್ತುವ ದ್ರವವಾದುದರಿಂದ ಒಲೆ ದೀಪಗಳಿಂದ ದೂರವಿರಬೇಕು. ಹಸಿರು ಕಿಲುಬು ಬೆಳ್ಳಿಯೊಡನೆ ಬೆರೆತ ತಾಮ್ರದ್ದು. 1940ರ ಬಳಿಕ ಬೆಳ್ಳಿಯ ಪಾಲು ಅರ್ಧಕ್ಕಿಳಿದ ರೂಪಾಯಿಗಳಲ್ಲಿ ತಾಮ್ರವೇ ನೂರಕ್ಕೆ 40ರಷ್ಟು. ರಬ್ಬರು, ಉಣ್ಣೆ, ಪಿ.ವಿ.ಸಿ. ಚೀಲ ಇವುಗಳ ಸಂಗ ನಾಣ್ಯಕ್ಕೆ ಸಲ್ಲದು. ಆಮ್ಲವಿಲ್ಲದ ಕಾಗದದ ಲಕೋಟೆ ಸಾಕು. ಲಕೋಟೆಯ ಮೇಲೆ ತೂಕವನ್ನೂ, ಯಾವ ಮನೆಯಲ್ಲಿ, ಯಾವುದರ ಜೊತೆಗೆ ದೊರೆಯಿತೆಂಬುದನ್ನೂ ಬರೆದಿಡಬೇಕು. ಒಂಟಿ ನಾಣ್ಯ ಎಲ್ಲಿಂದಲಾದರೂ ಬಂದೀತು. ಪಟ್ಟಣದ ರೂಪಾಯಿ ಇಲ್ಲಿ ಸಿಕ್ಕಿತೆಂಬುದರಿಂದಲೇ ಏನನ್ನೂ ಸಾಧಿಸಲಾಗದು. ಜೊತೆಗಿದ್ದ ಇತರ ನಾಣ್ಯಗಳೊಡನೆ ನೋಡಿದಾಗಲೇ ಹಣವು ಯಾವ ಕಾಲದಲ್ಲಿ, ಯಾವ ಪೇಟೆಯ ಕಡೆಯಿಂದ ನಡೆದುಬಂದಿತೆಂದು ಊಹಿಸಲು ಎಡೆಯಾಗುತ್ತದೆ.

ಹೊಲದಲ್ಲಿ ನೇಗಿಲಿಗೆ ಸಿಕ್ಕಿದ ನಾಣ್ಯಗಳ ಸಂಗತಿ ಬೇರೆ. 1878ರ ನಿಧಿ ಕಾಯಿದೆಯ ಮೇರೆಗೆ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಹಾಗೆ ಒಪ್ಪಿಸುವಾಗ ಅಂಟಿದ ಮಣ್ಣನ್ನು ತೊಳೆಯದಿರುವುದು ಲೇಸು. ಮಣ್ಣಿನ ಉಪ್ಪಿನಿಂದ ಬೆಳ್ಳಿಯ ಮೇಲೆ ಬೂದುಬಣ್ಣದ ಗಟ್ಟಿ ಪೊರೆ ಕಟ್ಟಿರುತ್ತದೆ. ಚಾಕುವಿನಿಂದ ಕೆರೆದರೆ ಪೊರೆಯೊಡನೆ ಅಕ್ಷರಗಳೂ ಎದ್ದುಬರುತ್ತವೆ. ಅದನ್ನು ಬಿಡಿಸುವುದು ವಸ್ತುಸಂಗ್ರಹಾಲಯದ ತಜ್ಞರ ಕೆಲಸ.