ಇಪ್ರಾಮ್ ಅಡಾಪ್ಟರ್

ಹಳೆಯ ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ) ಚಿಪ್ಪನ್ನು ಅದಕ್ಕೆಂದು ಮಾಡಿರದ ಪ್ರೋಗ್ರಾಮರ್‌ನಲ್ಲಿ ಕೂರಿಸಿ ಓದಲು, ಬರೆಯಲು ಬಳಸುವ ಸಣ್ಣ ಬೋರ್ಡು. ಕೆಳಗೆ ಪ್ರೋಗ್ರಾಮರ್‌ಗೆ ಸಿಕ್ಕಿಸುವ ಪಿನ್ನುಗಳು, ಮೇಲೆ ಚಿಪ್ ಕೂರುವ ಸಾಕೆಟ್, ನಡುವೆ ಅದಲುಬದಲು ಮಾಡಿದ ವೈರಿಂಗ್.

ಇಂಟೆಲ್‌ನ ಡಾವ್ ಫ್ರೋಮನ್ 1971ರಲ್ಲಿ ರೂಪಿಸಿದ ಮೊದಲ ಇಪ್ರಾಮ್ 1702ರಲ್ಲಿ ಹಿಡಿಸುತ್ತಿದ್ದುದು 256 ಬೈಟ್ ಮಾತ್ರ. ಆಮೇಲಿನ 2708ಕ್ಕೆ +5, −5, +12 ವೋಲ್ಟ್ ಮೂರೂ ಬೇಕಿತ್ತು. ಬರೆಯುವಾಗ 26 ವೋಲ್ಟ್ ಬೇರೆ. ಒಂದೇ 5 ವೋಲ್ಟ್‌ನಲ್ಲಿ ನಡೆಯುವ 2716 ಬಂದಾಗ ಕೆಲಸ ಹಗುರಾಯಿತು. ಬರೆಯುವಾಗ ಬೈಟ್ ಒಂದಕ್ಕೆ 25 ವೋಲ್ಟ್ ಇಟ್ಟು 50 ಮಿಲಿಸೆಕೆಂಡ್ ಪಲ್ಸ್ ಕೊಟ್ಟರೆ, ಇಡೀ ಚಿಪ್ ನೂರು ಸೆಕೆಂಡು ದಾಟುವಷ್ಟರಲ್ಲಿ ತುಂಬುತ್ತಿತ್ತು.

ಅಡಾಪ್ಟರ್‌ನ ಅಗತ್ಯ ಹುಟ್ಟಿದ್ದು ತಯಾರಕರ ಹಟದಿಂದ ಎಂದರೆ ತಪ್ಪಾಗದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಎಂಎಸ್ 2716 ಹೆಸರಿಗೆ ಇಂಟೆಲ್‌ನ 2716ರಂತಿದ್ದರೂ ಮೂರು ವೋಲ್ಟೇಜ್ ಬೇಡುತ್ತದೆ. ಇಂಟೆಲ್ ಚಿಪ್ಪಿಗೆ ಹೊಂದುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದೇ 2516. ನಾಲ್ಕು ಕಿಲೋಬೈಟ್‌ನ 2532 ಮತ್ತು 2732ರ ನಡುವೆ 18, 20, 21ನೇ ಪಿನ್ನುಗಳು ಬೇರೆಬೇರೆ. 2732ರಲ್ಲಿ 21ನೇ ಪಿನ್ ವಿಳಾಸದ್ದು, 2532ರಲ್ಲಿ ಬರೆಯುವಾಗ ಅದೇ ಪಿನ್ನಿಗೆ 25 ವೋಲ್ಟ್. ಪಿನ್ನುಗಳ ಪಟ್ಟಿ ನೋಡದೆ ಕೂರಿಸಿದರೆ ಚಿಪ್ ಸುಟ್ಟುಹೋಗಬಹುದು. ಮೋಟೊರೋಲಾದ 68764 ಎಂಟು ಕಿಲೋಬೈಟನ್ನು 24 ಪಿನ್ನುಗಳಲ್ಲೇ ಅಡಗಿಸಿತು. ಉಳಿದವರ 2764ಕ್ಕೆ 28 ಪಿನ್ನು.

ಕರ್ನಾಟಕದಲ್ಲಿ ಇಪ್ರಾಮ್ ವಿದ್ಯಾರ್ಥಿಗಳ ಕೈಗೆ ಬಂದದ್ದು ಹೆಚ್ಚಾಗಿ 8085 ಮೈಕ್ರೊಪ್ರೊಸೆಸರ್ ಕಿಟ್‌ಗಳ ಮೂಲಕ. ಬೆಂಗಳೂರಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್‌ನ ಇಎಸ್‌ಎ 85 ಅಂಥದ್ದು. ಈ ಬಗೆಯ ಕಿಟ್‌ಗಳ ಮಾನಿಟರ್ ಪ್ರೋಗ್ರಾಂ ಇರುತ್ತಿದ್ದುದೇ ಇಪ್ರಾಮಿನಲ್ಲಿ. ಬಿಡಿಭಾಗಗಳಿಗೆ ಬೆಂಗಳೂರಿನಲ್ಲಿ ಎಸ್.ಪಿ. ರಸ್ತೆಯಿದೆ, ಆದರೆ ಕಲಬುರಗಿ, ಕಮಲಾಪುರದವರಿಗೆ ಹೈದರಾಬಾದಿನ ಕೋಠಿಯೇ ಹತ್ತಿರ. ಇಪ್ರಾಮಿನಲ್ಲಿ ಬರೆದದ್ದನ್ನು ಅಳಿಸಲು 253.7 ನ್ಯಾನೊಮೀಟರ್‌ನ ನೇರಳಾತೀತ ದೀಪದಡಿ ಹದಿನೈದಿಪ್ಪತ್ತು ನಿಮಿಷ ಸಾಕು. ನೇರ ಬಿಸಿಲಾದರೆ ಸುಮಾರು ಒಂದು ವಾರ ಎನ್ನುತ್ತವೆ ಡೇಟಾಶೀಟ್‌ಗಳು. ಕಲಬುರಗಿಯ ಸುಡುಬಿಸಿಲು ಈ ಕೆಲಸವನ್ನು ಬೇಗ ಮುಗಿಸೀತೆಂಬ ಆಸೆ ಬೇಡ. ಅಳಿಸುವುದು ಕಿರಣವೇ ಹೊರತು ಕಾವಲ್ಲ. ಚಿಪ್ಪಿನ ಕ್ವಾರ್ಟ್ಸ್ ಕಿಟಕಿಗೆ ಸ್ಟಿಕ್ಕರ್ ಅಂಟಿಸುವುದೂ ಈ ಕಾರಣಕ್ಕೇ.

ಈಗಿನ ಯುಎಸ್‌ಬಿ ಪ್ರೋಗ್ರಾಮರ್‌ಗಳಲ್ಲಿ ಹಲವು 25 ವೋಲ್ಟ್ ಕೊಡಲಾರವು. ಹಾಗಾಗಿ ಹೊಸ ಅಡಾಪ್ಟರ್‌ಗಳಲ್ಲಿ ವೈರಿಂಗ್ ಜೊತೆಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟೂ ಸೇರಿದೆ. ಓದುವುದಕ್ಕಷ್ಟೇ ಆದರೆ, 5 ವೋಲ್ಟ್ ಚಿಪ್‌ಗಳಿಗೆ ಅದೂ ಬೇಡ; ಸಾಕೆಟ್, ಪಿನ್ನು, ನಾಲ್ಕು ತುಂಡು ವೈರು ಸಾಕು.