ಮುಚ್ಚಳಿಕೆಯಿಂದ ಮಾತುಕತೆಗೆ

ಬೆಂಗಳೂರಿನ ವಿಜಯನಗರದ ಯಾವುದೋ ಅಡ್ಡರಸ್ತೆಯಲ್ಲಿ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಿದರೆಂದು ಶುರುವಾಗುವ ಜಗಳದ ದಾರಿ ಎಲ್ಲರಿಗೂ ಗೊತ್ತಿರುವಂಥದ್ದೇ. ಮೊದಲು ಬೈಗುಳ, ಆಮೇಲೆ 112ಕ್ಕೆ ಫೋನು, ಹೊಯ್ಸಳ ಗಾಡಿ, ಕೊನೆಗೆ ಠಾಣೆ. ಅಲ್ಲಿ ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡು ಕಳಿಸುತ್ತಾರೆ. ಅಂದಿನಿಂದ ಕೂಗಾಟ ನಿಲ್ಲುತ್ತದೆ, ಮಾತುಕತೆಯೂ ನಿಲ್ಲುತ್ತದೆ. ಪೊಲೀಸರ ಮಟ್ಟಿಗೆ ಪ್ರಕರಣ ಮುಗಿಯಿತು. ಆ ಎರಡು ಮನೆಗಳವರು ಮಾತ್ರ ಇನ್ನೂ ಎಷ್ಟೋ ವರ್ಷ ಒಂದೇ ಗೋಡೆಯ ಆಚೀಚೆ ಬಾಳಬೇಕು. ಜಗಳ ನಿಲ್ಲಿಸುವುದು ಒಂದು ಕೆಲಸ, ಕೆಟ್ಟ ನಂಟನ್ನು ಸರಿಮಾಡುವುದು ಇನ್ನೊಂದು. ಮೊದಲನೆಯದಕ್ಕೆ ನಮ್ಮಲ್ಲಿ ವ್ಯವಸ್ಥೆಯಿದೆ. ಎರಡನೆಯದನ್ನು ಜಗತ್ತು ಐದು ದಶಕಗಳಿಂದ ಕಲಿಯುತ್ತಿದೆ. ಬೆಂಗಳೂರು ಅದರಲ್ಲಿ ಸಾಕಷ್ಟು ಮುಂದಿದ್ದರೂ ಅದರ ಫಲ ಅಡ್ಡರಸ್ತೆಯವರೆಗೆ ಇನ್ನೂ ಬಂದಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ಕಟ್ಟೆಮನೆಗಳಿದ್ದವು, ಊರ ಯಜಮಾನರಿದ್ದರು. ಅರಳಿಕಟ್ಟೆಯಲ್ಲಿ ಕೂತು ಎರಡೂ ಕಡೆಯವರ ಮಾತು ಕೇಳಿ ತಪ್ಪುಕಾಣಿಕೆ ಹಾಕಿಸಿ, ಮುನಿದವರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಿಸುತ್ತಿದ್ದರು. ಆ ಊಟವನ್ನು ಹಗುರವಾಗಿ ಕಾಣಬಾರದು, ಪರಿಹಾರದ ಅರ್ಧಪಾಲು ಅದೇ ಆಗಿತ್ತು. ಈ ಪರಂಪರೆಯ ದೊಡ್ಡ ರೂಪಗಳು ಇಂದಿಗೂ ಉಳಿದಿವೆ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರಗಳಂದು ಕೂರುತ್ತದೆ. ಜಮೀನು, ಸಾಲ, ಸಂಸಾರದ ವ್ಯಾಜ್ಯಗಳು ಅಲ್ಲಿಗೆ ಬರುತ್ತವೆ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ದೂರು ಹೇಳಿಕೊಂಡು, ಅವರ ಮಾತಿಗೆ ತಲೆಬಾಗಿ ಬರುವ ಪದ್ಧತಿಯೂ ಹಾಗೆಯೇ.

ಹಾಗೆಂದು ಕಟ್ಟೆಯನ್ನು ಹೊಗಳಿ ಕೂರುವಂತಿಲ್ಲ. ಹೆಂಗಸರ ಮಾತನ್ನು ಗಂಡಸರೇ ಆಡುತ್ತಿದ್ದರು. ದಲಿತರು ದೂರದಲ್ಲಿ ನಿಂತು ತೀರ್ಪು ಕೇಳಬೇಕಿತ್ತು. ಒಪ್ಪದವರ ಪಾಲಿಗೆ ಬಹಿಷ್ಕಾರ ಕಾದಿರುತ್ತಿತ್ತು. ಸರ್ಕಾರ ಈ ಕಟ್ಟೆಯ ನ್ಯಾಯವನ್ನು ಕಾನೂನಿನ ಚೌಕಟ್ಟಿಗೆ ತರಲು ನೋಡದೆ ಇರಲಿಲ್ಲ. ಕರ್ನಾಟಕದ 1983ರ ಪಂಚಾಯತ್ ಕಾಯ್ದೆಯ ಹೆಸರಿನಲ್ಲೇ 'ನ್ಯಾಯ ಪಂಚಾಯತ್' ಎಂಬುದಿತ್ತು. 1993ರ ಕಾಯ್ದೆ ಬರುವ ಹೊತ್ತಿಗೆ ಆ ಹೆಸರೂ ಹೋಯಿತು. ಇತ್ತ ಊರುಗಳೇ ನಗರದೊಳಗೆ ಕರಗಿದವು. ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿ ಸುತ್ತಿನ ಹೊಲಗಳು ಸೈಟುಗಳಾದ ಮೇಲೆ ಅಣ್ಣತಮ್ಮಂದಿರ ಮಾತು ಕಟ್ಟೆಗೆ ನಿಲ್ಲಲಿಲ್ಲ. ಪಾಲು ದಾವೆಗಳಾಗಿ ಸಿವಿಲ್ ಕೋರ್ಟು ಸೇರಿತು.

ಈ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಶಾಲೆಯಿದೆ: ಕಾರ್ಖಾನೆ. ಬಿನ್ನಿ ಮಿಲ್ಲು, ಮಿನರ್ವ ಮಿಲ್ಲು, ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯದ ಶೆಡ್ಡುಗಳು ಸೇರಿ ಕಟ್ಟಿದ ಪಶ್ಚಿಮ ಬೆಂಗಳೂರಿಗೆ ಸಂಧಾನದ ಮೊದಲ ಪಾಠ ಹೇಳಿಕೊಟ್ಟದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ಅದರಡಿ ಸಂಧಾನಾಧಿಕಾರಿಗೆ ತೀರ್ಪು ಕೊಡುವ ಅಧಿಕಾರವಿರಲಿಲ್ಲ. ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವುದಷ್ಟೇ ಅವರ ಕೆಲಸ. ಯೂನಿಯನ್ನಿನವರ ಬಾಯಲ್ಲಿ ಓಡಾಡುತ್ತಿದ್ದ 'ಹನ್ನೆರಡು-ಮೂರು' ಎಂದರೆ 12(3)ನೇ ಸೆಕ್ಷನ್ನಿನಡಿ ಸಂಧಾನಾಧಿಕಾರಿಯ ಮುಂದೆ ಆದ ಒಪ್ಪಂದ. ಅದು ಸಹಿ ಹಾಕಿದವರಿಗಷ್ಟೇ ಸೀಮಿತವಲ್ಲ. ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯಿಸುತ್ತಿತ್ತು. ಮುಷ್ಕರ ಮುಗಿದ ಮರುದಿನ ಅದೇ ಸೂಪರ್‌ವೈಸರನ ಕೈಕೆಳಗೆ ಅದೇ ಮೆಷಿನ್ನಿನ ಮುಂದೆ ನಿಲ್ಲಬೇಕೆಂಬ ಅರಿವು ಆ ಮಾತುಕತೆಗಳಲ್ಲಿತ್ತು. ಗಿರಣಿಗಳು ಮುಚ್ಚಿದವು, ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದವು. ಆ ಅನುಭವವನ್ನು ಯಾರೂ ಅಪಾರ್ಟ್‌ಮೆಂಟಿಗೆ ದಾಟಿಸಲಿಲ್ಲ. ಇದು ದೊಡ್ಡ ನಷ್ಟವೆಂದೇ ನನ್ನ ಎಣಿಕೆ.

ನ್ಯಾಯಾಲಯದ ಕಡೆಯ ಕತೆ ಶುರುವಾಗುವುದು ಗುಜರಾತಿನಿಂದ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹರಿವಲ್ಲಭ ಪಾರೀಖ್ ಅವರು ರಂಗಪುರದ ಆದಿವಾಸಿಗಳ ನಡುವೆ ನಡೆಸಿದ ಲೋಕ ಅದಾಲತ್ತು ಮಾದರಿಯಾಗಿ, 1982ರಲ್ಲಿ ಅದೇ ರಾಜ್ಯದ ಊನಾದಲ್ಲಿ ಅಧಿಕೃತ ರೂಪ ಪಡೆಯಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರಲ್ಲಿ ಜಾರಿಗೆ ಬಂದಮೇಲೆ ದೇಶದುದ್ದಕ್ಕೂ ಹರಡಿತು. ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಮೇಲ್ಮನವಿಯಿಲ್ಲ, ಕೋರ್ಟ್ ಶುಲ್ಕ ವಾಪಸು. ಚೆಕ್ ಬೌನ್ಸ್, ಅಪಘಾತ ಪರಿಹಾರದಂಥ ಲೆಕ್ಕಾಚಾರದ ಕೇಸುಗಳಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆದರೆ ಒಂದೇ ದಿನದಲ್ಲಿ ಸಾವಿರಾರು ಕಡತ ವಿಲೇವಾರಿ ಮಾಡುವ ಕಡೆ ಮನಸ್ಸಿನ ಗಾಯ ಕೇಳುವ ವ್ಯವಧಾನ ಎಲ್ಲಿಂದ ಬರಬೇಕು?

ಆ ವ್ಯವಧಾನ ಸಿಕ್ಕಿದ್ದು ಮಧ್ಯಸ್ಥಿಕೆಯಲ್ಲಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ 2002ರಲ್ಲಿ ಜಾರಿಯಾಯಿತು. ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಬೆನ್ನುಕೊಟ್ಟಿತು. 2005ರಲ್ಲಿ ಕರ್ನಾಟಕ ತನ್ನ ಮಧ್ಯಸ್ಥಿಕೆ ನಿಯಮಗಳನ್ನು ರೂಪಿಸಿಕೊಂಡಿತು. 2007ರ ಜನವರಿ 1ರಂದು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಈ ಕೇಂದ್ರ ದೇಶದ ಮೊದಲ ಸಾಲಿನವುಗಳಲ್ಲಿ ಒಂದು. ಅಲ್ಲಿ ತರಬೇತಾದ ವಕೀಲರು ಮೇಜಿನ ಸುತ್ತ ಕೂತು ಇಬ್ಬರ ಮಾತನ್ನೂ ಪೂರ್ತಿ ಕೇಳುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆಯಾಗಿ ಮಾತಾಡಿಸುತ್ತಾರೆ. ಆಡಿದ ಮಾತು ಆ ಕೋಣೆ ದಾಟಿ ನ್ಯಾಯಾಧೀಶರ ಕಿವಿಗೆ ಹೋಗುವುದಿಲ್ಲ. ಯಾರದು ಸರಿ ಎಂದು ಮಧ್ಯಸ್ಥರು ಹೇಳುವುದೂ ಇಲ್ಲ. ಯಾವ ಕೇಸನ್ನು ಹೀಗೆ ಕಳಿಸಬಹುದು, ಯಾವುದನ್ನು ಕಳಿಸಬಾರದು ಎಂಬ ಗೊಂದಲವನ್ನು 2010ರ ಅಫ್ಕಾನ್ಸ್ ತೀರ್ಪಿನಲ್ಲಿ ಬಿಡಿಸಿದವರು ನಮ್ಮದೇ ಹೈಕೋರ್ಟಿನಲ್ಲಿದ್ದು ಮುಂದೆ ಸುಪ್ರೀಂ ಕೋರ್ಟು ಸೇರಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್.

ಇದರಲ್ಲೂ ಒಂದು ಕೊರತೆಯಿದೆ. ನ್ಯಾಯದೇಗುಲದ ಮೆಟ್ಟಿಲು ಹತ್ತುವ ಹೊತ್ತಿಗೆ ನೋಟಿಸು ಹೋಗಿರುತ್ತದೆ, ಆರೋಪಗಳು ಪ್ರಮಾಣಪತ್ರವಾಗಿ ಅಚ್ಚಾಗಿರುತ್ತವೆ. ಗಂಡಹೆಂಡಿರ ಎಷ್ಟೋ ಪ್ರಕರಣಗಳಲ್ಲಿ ಆಗ ಉಳಿಯುವುದು ಜೀವನಾಂಶ ಎಷ್ಟು, ಮಗು ಯಾವ ವಾರಾಂತ್ಯ ಯಾರ ಬಳಿ ಎಂಬ ಮಾತಷ್ಟೇ. ಅದನ್ನು ಗೌರವದಿಂದ ಮುಗಿಸುವುದೂ ಸಣ್ಣ ಸಂಗತಿಯಲ್ಲ. ಆದರೂ ಮೊದಲೇ ಬಂದಿದ್ದರೆ ಎನ್ನಿಸದೆ ಇರದು. ಪೊಲೀಸ್ ಆಯುಕ್ತರ ಕಚೇರಿಯಲ್ಲಿ ನಡೆದುಬಂದ ವನಿತಾ ಸಹಾಯವಾಣಿಯ ಕೌಟುಂಬಿಕ ಸಲಹೆಯ ಮಹತ್ವ ಇಲ್ಲಿದೆ: ಎಫ್‌ಐಆರ್‌ಗೆ ಮುಂಚೆಯೇ ಕೂತು ಮಾತಾಡುವ ಜಾಗ. ಹೊಡೆತ ತಿನ್ನುತ್ತಿರುವ ಹೆಂಗಸನ್ನು 'ಹೊಂದಿಕೊಂಡು ಹೋಗಮ್ಮ' ಎಂದು ವಾಪಸು ಕಳಿಸುವುದು ಮಾತ್ರ ಸಂಧಾನವಲ್ಲ, ಅಪರಾಧಕ್ಕೆ ಕೈಜೋಡಿಸಿದಂತೆ. ಈ ಗೆರೆ ಎಲ್ಲಿದೆ ಎಂದು ತಿಳಿಯದವರು ಮಧ್ಯಸ್ಥಿಕೆಗೆ ಕೂರಬಾರದು.

ಹೊರಗಿನ ಜಗತ್ತು ಇದಕ್ಕೂ ಎಷ್ಟೋ ಮೊದಲೇ ಬೇರೆ ಪ್ರಶ್ನೆ ಕೇಳತೊಡಗಿತ್ತು. 1974ರಲ್ಲಿ ಕೆನಡಾದ ಕಿಚನರ್ ಪ್ರದೇಶದಲ್ಲಿ ಆಸ್ತಿ ಹಾಳುಗೆಡವಿದ ಇಬ್ಬರು ಹುಡುಗರನ್ನು ಜೈಲಿಗೆ ಕಳಿಸದೆ, ನಷ್ಟವಾದವರ ಮನೆಬಾಗಿಲಿಗೇ ಕರೆದೊಯ್ದರು. ತಪ್ಪು ಒಪ್ಪಿ ನಷ್ಟ ತುಂಬಿಕೊಡುವ ದಾರಿಯನ್ನು ಅಲ್ಲೇ ಮಾತಾಡಿಕೊಂಡರು. 1989ರಲ್ಲಿ ನ್ಯೂಜಿಲೆಂಡ್ ಮಾವೊರಿಗಳ ಪದ್ಧತಿಯಿಂದ ಕಲಿತು ಕುಟುಂಬ ಸಭೆಗಳನ್ನು ಮಕ್ಕಳ ಕಾನೂನಿನಲ್ಲೇ ಸೇರಿಸಿತು. ಅಪರಾಧಶಾಸ್ತ್ರಜ್ಞ ಹೊವರ್ಡ್ ಝೆರ್ 1990ರಲ್ಲಿ ಬರೆದ ಪುಸ್ತಕ ಇದಕ್ಕೆ ಸಿದ್ಧಾಂತ ಕೊಟ್ಟಿತು: ಯಾವ ಕಾನೂನು ಮುರಿಯಿತು ಎನ್ನುವ ಮೊದಲು ಯಾರಿಗೆ ನೋವಾಯಿತು, ಅವರಿಗೆ ಏನು ಬೇಕು, ಅದನ್ನು ಯಾರು ಮಾಡಬೇಕು ಎಂದು ಕೇಳಿ. ಮನೋವಿಜ್ಞಾನಿ ಮಾರ್ಷಲ್ ರೋಸೆನ್‌ಬರ್ಗ್ ದಿನದ ಮಾತಿಗೇ ನಾಲ್ಕು ಹೆಜ್ಜೆ ಹೇಳಿಕೊಟ್ಟರು: ಕಂಡದ್ದು, ಅನ್ನಿಸಿದ್ದು, ಬೇಕಾದದ್ದು, ಕೋರಿಕೆ. 'ನಿಮಗೆ ಬುದ್ಧಿ ಇಲ್ವಾ?' ಎನ್ನುವ ಬದಲು, 'ಸಾರ್, ಬೆಳಿಗ್ಗೆ ಗಾಡಿ ತೆಗೆಯೋಕಾಗ್ಲಿಲ್ಲ, ತುಂಬ ಸಿಟ್ಟು ಬಂತು, ಮಗೂನ ಸ್ಕೂಲಿಗೆ ಬಿಡ್ಬೇಕಿತ್ತು, ನಾಳೆಯಿಂದ ಗೇಟು ಬಿಟ್ಟು ನಿಲ್ಸಿ' ಎಂದರೆ ಅದೇ ಆಯಿತು. ತರಬೇತಿ ಶಿಬಿರಗಳಲ್ಲಿ ಇದನ್ನು ಯಂತ್ರದಂತೆ ಒಪ್ಪಿಸುವವರನ್ನು ಕಂಡರೆ ನಗು ಬರುತ್ತದೆ, ಆದರೂ ಮೂಲದಲ್ಲಿ ಸತ್ವವಿದೆ.

ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ ಎನ್‌ಫೋಲ್ಡ್ ಸಂಸ್ಥೆ ಮಕ್ಕಳ ಪಾಲನಾ ಕೇಂದ್ರಗಳಲ್ಲಿ, ಆದ ನೋವನ್ನು ಕೂತು ಮಾತಾಡಿ ಸರಿಪಡಿಸುವ ವಿಧಾನವನ್ನು ಬಳಸುತ್ತಿದೆ. ಸುತ್ತಾಗಿ ಕೂತು, ಕೈಯಲ್ಲಿ ಒಂದು ವಸ್ತು ಹಿಡಿದವರಷ್ಟೇ ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ. ಕಟ್ಟೆಯಲ್ಲಿ ಬಾಯಿಲ್ಲದಿದ್ದವರಿಗೆ ಇಲ್ಲಿ ಸರದಿ ಸಿಗುತ್ತದೆ.

ಕೊನೆಯದಾಗಿ 2023ರ ಮಧ್ಯಸ್ಥಿಕೆ ಕಾಯ್ದೆ. ಅದರ 43 ಮತ್ತು 44ನೇ ಸೆಕ್ಷನ್‌ಗಳು ಸಮುದಾಯ ಮಧ್ಯಸ್ಥಿಕೆಯ ಬಗ್ಗೆ ಇವೆ. ಒಂದು ಬಡಾವಣೆಯ ಅಥವಾ ಕುಟುಂಬಗಳ ನೆಮ್ಮದಿ ಕೆಡಿಸುವ ವಿವಾದವನ್ನು, ಎಲ್ಲರೂ ಒಪ್ಪಿದರೆ, ಮೂವರು ಮಧ್ಯಸ್ಥರ ಮುಂದಿಡಬಹುದು. ನಿವಾಸಿಗಳ ಸಂಘದ ಪ್ರತಿನಿಧಿಗಳೂ ಆ ಪಟ್ಟಿಯಲ್ಲಿರಬಹುದು. ಅಲ್ಲಿ ಆದ ಒಪ್ಪಂದವನ್ನು ಕೋರ್ಟಿನ ಡಿಕ್ರಿಯಂತೆ ಜಾರಿ ಮಾಡಿಸಲು ಬರುವುದಿಲ್ಲ. ವಕೀಲರಿಗೆ ಇದು ಹಲ್ಲಿಲ್ಲದ ಕಾನೂನಾಗಿ ಕಾಣುತ್ತದೆ. ನನಗೆ ಅದೇ ಅದರ ಬಲವೆನ್ನಿಸುತ್ತದೆ, ಏಕೆಂದರೆ ಬಲವಂತವಿಲ್ಲದೆ ಒಪ್ಪಿದ ಮಾತಿಗೆ ಮಾತ್ರ ನೆರೆಹೊರೆಯಲ್ಲಿ ಬಾಳಿಕೆ. 2023ರ ಅಕ್ಟೋಬರಿನಲ್ಲಿ ಕಾಯ್ದೆಯ ಮೊದಲ ಕಂತು ಜಾರಿಗೆ ಬಂದಾಗ ಈ ಎರಡು ಸೆಕ್ಷನ್‌ಗಳು ಅದರಲ್ಲಿರಲಿಲ್ಲ.

ಕಾನೂನಿಗಾಗಿ ಕಾಯಬೇಕಾಗಿಲ್ಲ. ಬಸವೇಶ್ವರನಗರ, ರಾಜಾಜಿನಗರ, ಕೆಂಗೇರಿ ಉಪನಗರದ ನಿವಾಸಿಗಳ ಸಂಘಗಳು ತಮ್ಮ ಬೈಲಾದಲ್ಲಿ ಒಂದು ಸಾಲು ಸೇರಿಸಿಕೊಳ್ಳಲು ಯಾರ ಅಪ್ಪಣೆಯೂ ಬೇಡ: ಠಾಣೆಗೆ ಹೋಗುವ ಮುನ್ನ ಒಮ್ಮೆ ಕೂತು ಮಾತಾಡತಕ್ಕದ್ದು. ಕೂರಿಸುವ ಮೂವರಲ್ಲಿ ಒಬ್ಬರಾದರೂ ಹೆಂಗಸು, ಒಬ್ಬರಾದರೂ ಬಾಡಿಗೆದಾರರು ಇರಲಿ. ಕಾನೂನಿನ ಸಲಹೆ ಬೇಕಾದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100 ಇದೆ. ಸಂಘದ ಮುಂದಿನ ವಾರ್ಷಿಕ ಸಭೆಯಲ್ಲಿ ಈ ವಿಷಯ ಎತ್ತಿ.